ನನ್ನ ಕಂಪ್ಯೂಟರ್‌ನಲ್ಲಿ ಓಡುತ್ತೆ, ಅವರದ್ರಲ್ಲಿ ಓಡಲ್ಲ!

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ "ಟರ್ಬೊ ಸಿ ಬಿಡಿ, ಜಿಸಿಸಿ ಹಿಡಿಯಿರಿ" ಎಂದು ನಾಲ್ಕು ಸಾಲು ಬರೆದಿದ್ದೆ. ಎರಡೂ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಕಂಪ್ಯೂಟರ್ ಓಡಿಸುವ ಫೈಲಾಗಿ ಮಾಡುವ ಸಲಕರಣೆ. ಯೂನಿಕ್ಸ್ ಮಂದಿ ಬಳಸುವ ಮುಕ್ತ ಕಂಪೈಲರ್ ಜಿಸಿಸಿಯಿಂದಲೇ ವಿಂಡೋಸ್‌ಗೂ ಪ್ರೋಗ್ರಾಂ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ ಎಂದಷ್ಟೇ ಹೇಳಿದ್ದು. ಬಂದ ಪತ್ರ ನೋಡಿದರೆ ಹಿಡಿದವರೂ ಜಾಸ್ತಿ, ಹಿಡಿದು ಜಾರಿ ಬಿದ್ದವರೂ ಜಾಸ್ತಿ. ಹಾಗಾಗಿ ಈ ಸಲದ ಪುಟವೆಲ್ಲ ಅದಕ್ಕೇ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಅಚ್ಚು ಮಾಡಿದ್ದೇವೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿಕೊಳ್ಳಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಅಡಿಕೆ ವ್ಯಾಪಾರಕ್ಕೆ ತೂಕ ಮತ್ತು ಬಿಲ್ ಲೆಕ್ಕದ ಒಂದು ಸಣ್ಣ ಪ್ರೋಗ್ರಾಂ ಸಿ++ನಲ್ಲಿ ಬರೆದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಅಂಗಡಿಯ ಕಂಪ್ಯೂಟರ್‌ಗೆ ಹಾಕಿದರೆ 'ಲಿಬ್‌ಎಸ್‌ಟಿಡಿಸಿ++-6.ಡಿಎಲ್‌ಎಲ್ ಸಿಗಲಿಲ್ಲ' ಅನ್ನುತ್ತದೆ. ಅದನ್ನು ಹುಡುಕಿ ತಂದು ಹಾಕಿದೆ. ಈಗ ಇನ್ನೊಂದು ಡಿಎಲ್‌ಎಲ್ ಕೇಳುತ್ತಿದೆ. ಇದಕ್ಕೆ ಕೊನೆ ಉಂಟಾ?
(ಲೆಕ್ಕ ಬರೆಯುವವರು, ಶಿರಸಿ)

ಉತ್ತರ: ಉಂಟು, ಮೂರಕ್ಕೆ ಮುಗಿಯುತ್ತದೆ. ಡಿಎಲ್‌ಎಲ್ ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ ಫೈಲು. ನೀವು ತಂದದ್ದು ಒಂದು. ಇನ್ನೆರಡು ಲಿಬ್‌ಜಿಸಿಸಿ_ಎಸ್_ಎಸ್‌ಇಎಚ್-1 ಮತ್ತು ಲಿಬ್‌ವಿನ್‌ಪಿಥ್ರೆಡ್-1. ಜಿಸಿಸಿಯಲ್ಲಿ ಮಾಡಿದ ಸಿ++ ಪ್ರೋಗ್ರಾಂಗಳು ಮಾಮೂಲಾಗಿ ಕೇಳುವುದು ಈ ಮೂರನ್ನೇ.

ಆದರೆ ಡಿಎಲ್‌ಎಲ್‌ಗಳನ್ನು ಹೀಗೆ ಒಂದೊಂದಾಗಿ ಭಿಕ್ಷೆ ಬೇಡಿ ತರಬೇಡಿ. ಅದರಲ್ಲೂ 'ಉಚಿತ ಡಿಎಲ್‌ಎಲ್ ಡೌನ್‌ಲೋಡ್' ಎಂದು ಬೋರ್ಡ್ ಹಾಕಿಕೊಂಡ ತಾಣಗಳಿಂದ ತರಲೇಬೇಡಿ. ಯಾರು ಮಾಡಿದ್ದು, ಯಾವ ಆವೃತ್ತಿ, ಒಳಗೆ ಏನು ತುರುಕಿದ್ದಾರೆ ಎಂದು ಹೇಳುವವರಿಲ್ಲ. ಬೇಕಾದ ಮೂರೂ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಕಂಪೈಲರ್ ಕೂತಿರುವ ಬಿನ್ ಫೋಲ್ಡರ್‌ನಲ್ಲೇ ಇವೆ. ನಿಮ್ಮ ಮನೆಯಲ್ಲಿ ಪ್ರೋಗ್ರಾಂ ಓಡಿದ್ದೂ ಅದಕ್ಕೇ. ಆ ಫೋಲ್ಡರ್ ನಿಮ್ಮ ಪಾತ್‌ನಲ್ಲಿದೆ (ವಿಂಡೋಸ್ ಫೈಲು ಹುಡುಕುವ ಫೋಲ್ಡರ್‌ಗಳ ಪಟ್ಟಿ), ವಿಂಡೋಸ್ ಸದ್ದಿಲ್ಲದೆ ಅಲ್ಲಿಂದ ಎತ್ತಿಕೊಳ್ಳುತ್ತದೆ. ಅಂಗಡಿಯವರ ಮಷೀನಿನಲ್ಲಿ ಆ ಫೋಲ್ಡರ್ರೇ ಇಲ್ಲ.

ಸುಲಭದ ದಾರಿ ಇದು. ಕಂಪೈಲ್ ಮಾಡುವಾಗ ಕೊನೆಗೆ ಒಂದು ಮಾತು ಸೇರಿಸಿ: 'ಜಿ++ ಬಿಲ್.ಸಿಪಿಪಿ -ಓ ಬಿಲ್.ಇಎಕ್ಸ್‌ಇ -ಸ್ಟ್ಯಾಟಿಕ್'. ಮೂರರ ಒಳಗಿನ ಸರಕಲ್ಲಿ ಬೇಕಾದಷ್ಟು ನಿಮ್ಮ ಇಎಕ್ಸ್‌ಇ ಒಳಗೇ ಸೇರಿಬಿಡುತ್ತದೆ. ಫೈಲು ಒಂದೆರಡು ಎಂಬಿ ದಪ್ಪ ಆಗುತ್ತದೆ, ಆಗಲಿ ಬಿಡಿ. ಜೊತೆಗೆ '-ಎಸ್' ಸೇರಿಸಿದರೆ ಡೀಬಗ್ ಹೆಸರುಗಳೆಲ್ಲ ಉದುರಿ ಸ್ವಲ್ಪ ತೆಳ್ಳಗಾಗುತ್ತದೆ.

ಆಮೇಲೆ ಪರೀಕ್ಷೆ. 'ಆಬ್ಜ್‌ಡಂಪ್ -ಪಿ ಬಿಲ್.ಇಎಕ್ಸ್‌ಇ' ಎಂದು ಕೊಡಿ, ಉದ್ದಕ್ಕೆ ಏನೇನೋ ಬರುತ್ತದೆ, ಅದರಲ್ಲಿ 'ಡಿಎಲ್‌ಎಲ್ ನೇಮ್' ಎಂದು ಶುರುವಾಗುವ ಸಾಲುಗಳನ್ನು ಮಾತ್ರ ನೋಡಿ. ಕರ್ನೆಲ್32 ಇದೆಯಾ, ಸರಿ. 'ಎಪಿಐ-ಎಂಎಸ್-ವಿನ್-ಸಿಆರ್‌ಟಿ' ಎಂದು ಶುರುವಾಗುವ ನಾಲ್ಕೈದು ಇವೆಯಾ, ಅವೂ ಸರಿ. ಇವೆಲ್ಲ ವಿಂಡೋಸ್ 10ರ ಜೊತೆಗೇ ಬರುತ್ತವೆ. 'ಲಿಬ್' ಎಂದು ಶುರುವಾಗುವುದು ಒಂದು ಕಂಡರೂ ಪೆನ್‌ಡ್ರೈವ್ ಇನ್ನೂ ತೆಗೆಯಬೇಡಿ.

ನಾನೂ ಇದೇ ಗುಂಡಿಗೆ ಬಿದ್ದವಳು. ಮಾವನ ಮಗನ ಅಂಗಡಿಗೆ ಸ್ಟಾಕ್ ಪ್ರೋಗ್ರಾಂ ಮಾಡಿಕೊಟ್ಟು, ಪೂಜೆಗೆ ಕರೆದಾಗ ಎಲ್ಲರೆದುರು ಡಬಲ್ ಕ್ಲಿಕ್ ಮಾಡಿದ್ದೆ. ತೆರೆದುಕೊಂಡದ್ದು ಡಿಎಲ್‌ಎಲ್ ಇಲ್ಲ ಎಂಬ ಪೆಟ್ಟಿಗೆ. ಅತ್ತೆ "ಅದು ಏನು ಕೇಳ್ತಿದೆ, ಕೊಟ್ಬಿಡು" ಅಂದರು. ಅವತ್ತಿನಿಂದ ಬೇರೆಯವರ ಮಷೀನಿಗೆ ಹಾಕುವ ಮೊದಲು ಪಾತ್ ಖಾಲಿ ಮಾಡಿದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಮ್ಮೆ ಓಡಿಸಿ ನೋಡುತ್ತೇನೆ. 'ಸೆಟ್ ಪಾತ್=' ಎಂದು ಕೊಟ್ಟು ಎಂಟರ್ ಒತ್ತಿದರೆ ಆ ಕಿಟಕಿಯ ಮಟ್ಟಿಗೆ ಪಾತ್ ಖಾಲಿ. ಆಮೇಲೆ ಪ್ರೋಗ್ರಾಂ ಇರುವ ಫೋಲ್ಡರ್‌ಗೆ ಹೋಗಿ ಓಡಿಸುವುದು.

ಅಂಗಡಿಯಲ್ಲಿ ಇರುವುದು ವಿಂಡೋಸ್ 7 ಆದರೆ, ಅಥವಾ 32 ಬಿಟ್‌ನ ಹಳೇ ಪೆಟ್ಟಿಗೆ ಆದರೆ, ಕಥೆ ಬೇರೆ. 64 ಬಿಟ್ ಇಎಕ್ಸ್‌ಇ 32 ಬಿಟ್ ವಿಂಡೋಸ್‌ನಲ್ಲಿ ಏನು ಮಾಡಿದರೂ ಓಡುವುದಿಲ್ಲ. ಮೊದಲು ಅದನ್ನು ಕೇಳಿಕೊಳ್ಳಿ.

ಪ್ರಶ್ನೆ: ಸಿಗ್‌ವಿನ್, ಮಿಂಗ್‌ಡಬ್ಲ್ಯು, ಮಿಂಗ್‌ಡಬ್ಲ್ಯು-ಡಬ್ಲ್ಯು64, ಎಂಸಿಸ್2... ಯಾವುದನ್ನು ಹಾಕಿಕೊಳ್ಳಬೇಕು ಮೇಡಂ? ಸೀನಿಯರ್ ಒಬ್ಬರು ಒಂದು ಹೇಳುತ್ತಾರೆ, ಯೂಟ್ಯೂಬ್ ಇನ್ನೊಂದು ಹೇಳುತ್ತದೆ.
(ಬಿಸಿಎ ವಿದ್ಯಾರ್ಥಿನಿ, ಹಾಸನ)

ಉತ್ತರ: ಉತ್ತರ ಮೊದಲು, ಪುರಾಣ ಆಮೇಲೆ. ಎಂಸಿಸ್2 ಹಾಕಿಕೊಳ್ಳಿ, ಅದರೊಳಗೆ ಯುಸಿಆರ್‌ಟಿ64 (ವಿಂಡೋಸ್ 10ರ ಜೊತೆಗೇ ಬರುವ ಸಿ ಲೈಬ್ರರಿ ಬಳಸುವ ವಿಭಾಗ) ಬಳಸಿ.

ಈಗ ಪುರಾಣ. 1995ರ ಹೊತ್ತಿಗೆ ಸಿಗ್ನಸ್ ಎಂಬ ಕಂಪನಿ ಸಿಗ್‌ವಿನ್ ಶುರು ಮಾಡಿತು. ಅವರ ಯೋಚನೆ ಏನೆಂದರೆ, ಯೂನಿಕ್ಸ್‌ಗೆ ಬರೆದ ಪ್ರೋಗ್ರಾಂಗಳಿಗೆ ತಾವು ವಿಂಡೋಸ್‌ನಲ್ಲಿದ್ದೇವೆ ಎಂಬುದೇ ಗೊತ್ತಾಗಬಾರದು. ನಡುವೆ ಸಿಗ್‌ವಿನ್1.ಡಿಎಲ್‌ಎಲ್ ಎಂಬ ದುಭಾಷಿ ಕೂತಿರುತ್ತದೆ. ಪ್ರೋಗ್ರಾಂ ಯೂನಿಕ್ಸ್ ಭಾಷೆಯಲ್ಲಿ ಕೇಳಿದ್ದನ್ನು ಅದು ವಿಂಡೋಸ್ ಭಾಷೆಗೆ ತಿರುಗಿಸುತ್ತದೆ. ಅನುಕೂಲ ಜಾಸ್ತಿ, ಆದರೆ ನಿಮ್ಮ ಇಎಕ್ಸ್‌ಇ ಎಲ್ಲಿಗೆ ಹೋದರೂ ದುಭಾಷಿಯನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು.

ಮಿಂಗ್‌ಡಬ್ಲ್ಯು 1998ರಲ್ಲಿ ಬಂತು, ಅದರ ದಾರಿ ಉಲ್ಟಾ. ಸಲಕರಣೆ ಯೂನಿಕ್ಸಿನದು, ತಯಾರಾಗುವ ಸರಕು ಅಪ್ಪಟ ವಿಂಡೋಸಿನದು. ದುಭಾಷಿ ಇಲ್ಲ, ಪ್ರೋಗ್ರಾಂ ನೇರವಾಗಿ ವಿಂಡೋಸ್ ಜೊತೆ ಮಾತಾಡುತ್ತದೆ. ಆದರೆ ಅದು 32 ಬಿಟ್‌ಗೇ ನಿಂತುಹೋಯಿತು. 64 ಬಿಟ್ ಬೇಕು ಎಂದವರು ಕವಲೊಡೆದು ಕಟ್ಟಿದ್ದು ಮಿಂಗ್‌ಡಬ್ಲ್ಯು-ಡಬ್ಲ್ಯು64. ಹೆಸರಲ್ಲಿ 64 ಇದ್ದರೂ ಅದು 32 ಬಿಟ್‌ಗೂ ಮಾಡಿಕೊಡುತ್ತದೆ. ಹೆಸರಿಡುವುದರಲ್ಲಿ ಈ ಮಂದಿ ಯಾವತ್ತೂ ಅಷ್ಟಕ್ಕಷ್ಟೇ.

ಎಂಸಿಸ್2 ಎಂದರೆ ಇದೆಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಆರ್ಚ್ ಲಿನಕ್ಸ್‌ನ ಪ್ಯಾಕ್‌ಮ್ಯಾನ್ ಎಂಬ ಅಂಗಡಿಯವನನ್ನು ಕೂರಿಸಿದ ಹಾಗೆ. ಬೇಕಾದ್ದು ಕೇಳಿದರೆ ತಂದುಕೊಡುತ್ತಾನೆ, ಹಳೆಯದಾದರೆ ಹೊಸದು ಹಾಕುತ್ತಾನೆ. ವಿಂಡೋಸ್‌ನಲ್ಲಿ ಗಿಟ್ ಬಳಸುತ್ತಿದ್ದರೆ ನಿಮಗೆ ಗೊತ್ತಿಲ್ಲದೇ ಇದರ ಒಂದು ತುಂಡು ನಿಮ್ಮಲ್ಲಿ ಆಗಲೇ ಇದೆ.

ಹಾಕುವ ಕ್ರಮ: ಅವರ ಅಧಿಕೃತ ತಾಣದಿಂದ ಇನ್‌ಸ್ಟಾಲರ್ ಇಳಿಸಿ. ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು, 64 ಬಿಟ್‌ದು ಇರಬೇಕು. ಸಿ ಡ್ರೈವ್‌ನಲ್ಲಿ ಎಂಸಿಸ್64 ಎಂಬ ಫೋಲ್ಡರ್‌ಗೆ ಹಾಕುತ್ತೇನೆ ಅನ್ನುತ್ತದೆ, ಹೂಂ ಅನ್ನಿ. ಜಾಗ ಬದಲಿಸಲೇಬೇಕು ಅಂದರೆ ಹೆಸರಲ್ಲಿ ಖಾಲಿ ಜಾಗವೂ ಕನ್ನಡ ಅಕ್ಷರವೂ ಇಲ್ಲದ ಫೋಲ್ಡರ್ ಆರಿಸಿ. ಸ್ಟಾರ್ಟ್ ಮೆನುವಿನಲ್ಲಿ ಅದರ ಹೆಸರಿನ ಹಲವು ಐಕಾನ್ ಕಾಣುತ್ತವೆ. ಯುಸಿಆರ್‌ಟಿ64 ಎಂದು ಬರೆದಿರುವುದನ್ನೇ ತೆರೆಯಿರಿ. ಮೊದಲು 'ಪ್ಯಾಕ್‌ಮ್ಯಾನ್ -ಎಸ್‌ವೈಯು' ಕೊಡಿ, ಅದರಲ್ಲಿ ಎಸ್ ಮಾತ್ರ ದೊಡ್ಡಕ್ಷರ. ನಡುವೆ ಕಿಟಕಿ ಮುಚ್ಚುತ್ತೇನೆ ಎಂದರೆ ಗಾಬರಿ ಬೇಡ, ಮುಚ್ಚಲಿ, ಮತ್ತೆ ತೆರೆದು ಅದೇ ಕಮಾಂಡ್ ಇನ್ನೊಮ್ಮೆ ಕೊಡಿ. ಆಮೇಲೆ 'ಪ್ಯಾಕ್‌ಮ್ಯಾನ್ -ಎಸ್ ಮಿಂಗ್‌ಡಬ್ಲ್ಯು-ಡಬ್ಲ್ಯು64-ಯುಸಿಆರ್‌ಟಿ-ಎಕ್ಸ್86_64-ಜಿಸಿಸಿ', ಇಲ್ಲೂ ಎಸ್ ದೊಡ್ಡದು. ಅಷ್ಟೇ.

ಇಲ್ಲಿ ಜನ ಎಡವುವುದು ಒಂದೇ ಕಡೆ. ಆ ಉದ್ದ ಹೆಸರು ಯಾರು ಬರೆಯುತ್ತಾರೆ ಎಂದು ಸುಮ್ನೆ 'ಪ್ಯಾಕ್‌ಮ್ಯಾನ್ -ಎಸ್ ಜಿಸಿಸಿ' ಕೊಡುತ್ತಾರೆ. ಅದೂ ಬರುತ್ತದೆ, ಕಂಪೈಲೂ ಮಾಡುತ್ತದೆ. ಆದರೆ ಬಂದದ್ದು ಎಂಸಿಸ್‌ನ ಸ್ವಂತ ಬಳಕೆಯ ಜಿಸಿಸಿ. ಅದರಲ್ಲಿ ಮಾಡಿದ ಇಎಕ್ಸ್‌ಇ ಎಂಸಿಸ್-2.0.ಡಿಎಲ್‌ಎಲ್ ಇಲ್ಲದೆ ಕದಲುವುದಿಲ್ಲ. ಅಂದರೆ ಮತ್ತೆ ದುಭಾಷಿ ಬಂದು ಕೂತ. ಮೇಲಿನ ಶಿರಸಿಯವರಿಗೆ ಹೇಳಿದ ಆಬ್ಜ್‌ಡಂಪ್ ಪರೀಕ್ಷೆಯಲ್ಲಿ ಇದು ತಕ್ಷಣ ಸಿಕ್ಕಿಬೀಳುತ್ತದೆ.

ಸೀನಿಯರ್ ಹೇಳಿದ್ದನ್ನು ಪರೀಕ್ಷಿಸಬೇಕಾದರೆ ಅವರ ಮಷೀನಿನಲ್ಲಿ 'ಜಿಸಿಸಿ --ವರ್ಷನ್' ಕೊಟ್ಟು ನೋಡಿ. 6.3.0 ಬಂದರೆ ಅದು ಹಳೇ ಮಿಂಗ್‌ಡಬ್ಲ್ಯು, 8.1.0 ಬಂದರೆ 2018ರಲ್ಲಿ ನಿಂತುಹೋದ ಇನ್‌ಸ್ಟಾಲರ್‌ನಿಂದ ಬಂದದ್ದು ಇರಬೇಕು. ಬೈಯಬೇಡಿ, ಅವರ ಕಾಲಕ್ಕೆ ಅದೇ ಸರಿ ಇತ್ತು.

ಕಾಲೇಜಿನ ಲ್ಯಾಬ್‌ನಲ್ಲಿ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ ಎಂದಾದರೆ ಡಬ್ಲ್ಯು64ಡೆವ್‌ಕಿಟ್ ಎಂಬುದಿದೆ. ಬಿಚ್ಚಿ ಒಂದು ಫೋಲ್ಡರ್‌ಗೆ ಹಾಕಿದರೆ ಸಾಕು, ಪೆನ್‌ಡ್ರೈವ್‌ನಿಂದಲೂ ನಡೆಯುತ್ತದೆ.

ಪ್ರಶ್ನೆ: ಡಬ್ಲ್ಯುಎಸ್‌ಎಲ್ ಒಳಗೆ ಉಬುಂಟು ಹಾಕಿ ಜಿಸಿಸಿಯಲ್ಲಿ ಕಂಪೈಲ್ ಮಾಡಿದೆ. ಎ.ಔಟ್ ಬಂತು. ಹೆಸರು ಬದಲಿಸಿ .ಇಎಕ್ಸ್‌ಇ ಅಂತ ಇಟ್ಟೆ. ಡಬಲ್ ಕ್ಲಿಕ್ ಮಾಡಿದರೆ ಓಡುತ್ತಿಲ್ಲ.
(ಡಿಪ್ಲೊಮಾ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಎಮ್ಮೆಗೆ ಹಸು ಎಂದು ಹೆಸರಿಟ್ಟ ಹಾಗಾಯಿತು. ಡಬ್ಲ್ಯುಎಸ್‌ಎಲ್ ಎಂದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ. ಅದರ ಒಳಗಿರುವುದು ಲಿನಕ್ಸ್, ಅದರ ಜಿಸಿಸಿ ಮಾಡುವುದು ಲಿನಕ್ಸ್‌ನ ಇಎಲ್‌ಎಫ್ ಫೈಲು. ವಿಂಡೋಸ್‌ಗೆ ಬೇಕಾದ್ದು ಪಿಇ ಎಂಬ ಬೇರೆ ಅಚ್ಚು.

ಆದರೆ ನಿಮ್ಮ ಶ್ರಮ ದಂಡ ಆಗಿಲ್ಲ. ಅದೇ ಉಬುಂಟುವಿನಲ್ಲಿ 'ಸುಡೊ ಎಪಿಟಿ ಇನ್‌ಸ್ಟಾಲ್ ಮಿಂಗ್‌ಡಬ್ಲ್ಯು-ಡಬ್ಲ್ಯು64' ಕೊಡಿ. ಆಮೇಲೆ ಬರೀ ಜಿಸಿಸಿ ಬದಲು 'ಎಕ್ಸ್86_64-ಡಬ್ಲ್ಯು64-ಮಿಂಗ್‌ಡಬ್ಲ್ಯು32-ಜಿಸಿಸಿ' ಎಂದು ಕರೆಯಿರಿ. ಲಿನಕ್ಸ್ ಒಳಗೆ ಕೂತು ವಿಂಡೋಸ್‌ಗೆ ಇಎಕ್ಸ್‌ಇ ಮಾಡುವುದು ಎಂದರೆ ಇದೇ, ಕ್ರಾಸ್ ಕಂಪೈಲ್. ಆಟಿಕೆ ಕೆಲಸ ಅಂದುಕೊಳ್ಳಬೇಡಿ, ನಾವೆಲ್ಲ ಸಿನಿಮಾ ನೋಡುವ ವಿಎಲ್‌ಸಿಯ ವಿಂಡೋಸ್ ಆವೃತ್ತಿ ತಯಾರಾಗುವುದು ಹೀಗೇ. ದೊಡ್ಡ ಪ್ಯಾಕೇಜ್‌ಗಳಲ್ಲಿ ಕಂಪೈಲ್‌ಗೆ ಮುಂಚೆ ಮಷೀನನ್ನು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್‌ಗೆ '--ಹೋಸ್ಟ್=' ಎಂದು ಬರೆದು ಅದೇ ಉದ್ದ ಹೆಸರನ್ನು ಕೊನೆಯ ಜಿಸಿಸಿ ಬಿಟ್ಟು ಕೊಟ್ಟರೆ ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತದೆ.

ಒಂದು ಎಚ್ಚರ. 64 ಬಿಟ್ ಲಿನಕ್ಸ್‌ನಲ್ಲಿ ಪೂರ್ಣಾಂಕ ಇಡುವ ಲಾಂಗ್ ಎಂದರೆ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ದೊಡ್ಡ ಸಂಖ್ಯೆ ಲಾಂಗ್‌ನಲ್ಲಿ ಇಟ್ಟಿದ್ದರೆ ಇಲ್ಲಿ ಸರಿ ಬಂದ ಲೆಕ್ಕ ಅಲ್ಲಿ ತಪ್ಪುತ್ತದೆ, ಕಂಪೈಲರ್ ಚಕಾರ ಎತ್ತುವುದಿಲ್ಲ. ಲಾಂಗ್ ಲಾಂಗ್ ಬಳಸಿ.

ಪ್ರಶ್ನೆ: ಹಾಲಿನ ಲೆಕ್ಕದ ಪ್ರೋಗ್ರಾಂ ಮಾಡಿದ್ದೇನೆ. ಪ್ರತಿಯೊಬ್ಬರ ನಂಬರ್ ಮತ್ತು ಲೀಟರ್ ಎರಡನ್ನೂ ಇಂಟ್ ಆಗಿ, ಎಫ್‌ರೈಟ್‌ನಿಂದ ಫೈಲಿಗೆ ಬರೆಯುತ್ತೇನೆ, ಎಫ್‌ರೀಡ್‌ನಿಂದ ಓದುತ್ತೇನೆ. ಎರಡು ವಾರ ಸರಿ ಇತ್ತು. ಈಗ ಓದುವಾಗ ಅರ್ಧಕ್ಕೇ ಪಟ್ಟಿ ನಿಂತುಹೋಗುತ್ತದೆ. ಫೈಲ್ ಸೈಜ್ ನೋಡಿದರೆ ಎಲ್ಲ ಇದೆ, ಲೆಕ್ಕಕ್ಕಿಂತ ಒಂದೆರಡು ಬೈಟ್ ಜಾಸ್ತಿಯೇ ಇದೆ. ಇದೇ ಪ್ರೋಗ್ರಾಂ ಗೆಳೆಯನ ಲಿನಕ್ಸ್‌ನಲ್ಲಿ ಸರಿಯಾಗಿ ನಡೆಯುತ್ತದೆ!
(ಡೇರಿ ಕಾರ್ಯದರ್ಶಿಯ ಮಗ, ಮಂಡ್ಯ ಜಿಲ್ಲೆ)

ಉತ್ತರ: ಈ ಪತ್ರ ಓದಿ ನನಗೆ ಖುಷಿಯಾಯಿತು, ಕ್ಷಮಿಸಿ. ನೀವು ಕಳಿಸಿದ ಫೈಲನ್ನು ಬೈಟ್ ಬೈಟಾಗಿ ತೆರೆದು ನೋಡಿದೆ. ಪಟ್ಟಿ ನಿಲ್ಲುವ ಜಾಗದಲ್ಲಿ ಯಾರೋ ಒಬ್ಬರು ಸರಿಯಾಗಿ 26 ಲೀಟರ್ ಹಾಲು ಹಾಕಿದ್ದಾರೆ. ತಪ್ಪಿತಸ್ಥ ಆ 26.

ನೀವು ಫೈಲು ತೆರೆಯುವ ಎಫ್‌ಓಪನ್‌ಗೆ ಓದಲು 'ಆರ್', ಬರೆಯಲು 'ಡಬ್ಲ್ಯು' ಎಂದು ಮಾತ್ರ ಕೊಟ್ಟಿದ್ದೀರಿ. ವಿಂಡೋಸ್‌ನಲ್ಲಿ ಹಾಗೆ ಕೊಟ್ಟರೆ ಅದು ಪಠ್ಯದ ಫೈಲು ಎಂದು ಅರ್ಥ. ಪಠ್ಯ ಓದುವಾಗ 26ನೇ ಸಂಖ್ಯೆಯ ಬೈಟ್, ಅಂದರೆ ಕಂಟ್ರೋಲ್ ಝಡ್, ಸಿಕ್ಕಿದರೆ 'ಫೈಲು ಇಲ್ಲಿಗೆ ಮುಗಿಯಿತು' ಎಂದುಕೊಳ್ಳುತ್ತದೆ. ಇದು ವಿಂಡೋಸ್‌ಗೆ ಮುಂಚೆ ಇದ್ದ ಡಾಸ್‌ಗಿಂತಲೂ ಹಿಂದಿನ ಸಿಪಿ/ಎಂ ಕಾಲದ ಪದ್ಧತಿ. ಆ ವ್ಯವಸ್ಥೆ ಫೈಲಿನ ಅಳತೆಯನ್ನು 128 ಬೈಟ್‌ಗಳ ಕಟ್ಟಿನಲ್ಲಿ ಮಾತ್ರ ಇಟ್ಟುಕೊಳ್ಳುತ್ತಿತ್ತು, ಕೊನೆಯ ಕಟ್ಟಿನಲ್ಲಿ ಪಠ್ಯ ಎಲ್ಲಿಗೆ ಮುಗಿಯಿತು ಎಂದು ತಿಳಿಸಲು ಒಂದು ಗುರುತು ಬೇಕಿತ್ತು. ಸಿಪಿ/ಎಂ ಹೋಯಿತು, ಡಾಸ್ ಹೋಯಿತು, ಗುರುತು ಮಾತ್ರ ನಿಮ್ಮೂರ ಡೇರಿಯ ತನಕ ಬಂತು.

ಜಾಸ್ತಿ ಇರುವ ಒಂದೆರಡು ಬೈಟ್‌ಗೂ ಕಾರಣ ಇದೇ. ಪಠ್ಯ ಬರೆಯುವಾಗ 10 ಎಂಬ ಬೈಟ್ ಬಂದರೆ ವಿಂಡೋಸ್ ಅದನ್ನು ಸಾಲಿನ ಕೊನೆ ಎಂದು ತಿಳಿದು ಅದಕ್ಕಿಂತ ಮುಂಚೆ ಒಂದು 13 ಸೇರಿಸುತ್ತದೆ. ಹತ್ತು ಲೀಟರ್ ಹಾಕಿದವರಿಗೆಲ್ಲ ಒಂದೊಂದು ಬೈಟ್ ಬೋನಸ್. ಓದುವಾಗ ಆ 13 ಮತ್ತೆ ಮಾಯ ಆಗುವುದರಿಂದ ನಿಮಗೆ ಗೊತ್ತಾಗಿಲ್ಲ. ಲಿನಕ್ಸ್‌ನಲ್ಲಿ ಪಠ್ಯ, ಬೈನರಿ ಎಂಬ ಭೇದವೇ ಇಲ್ಲ.

ಪರಿಹಾರ ಎರಡು ಅಕ್ಷರ. 'ಆರ್‌ಬಿ', 'ಡಬ್ಲ್ಯುಬಿ' ಎಂದು ಬರೆಯಿರಿ. ಆದರೆ ಹಳೇ ಫೈಲಿನಲ್ಲಿ ಆ ಹೆಚ್ಚುವರಿ 13ಗಳು ಕೂತಿವೆಯಲ್ಲ, ಅದನ್ನು ಹೊಸ ಪ್ರೋಗ್ರಾಂನಿಂದ ನೇರ ಓದಿದರೆ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ. ಮೊದಲು ಹಳೇದನ್ನು ಬೈನರಿಯಾಗಿ ಓದಿ, 13 ಆದ ಕೂಡಲೇ 10 ಬಂದ ಕಡೆ 13 ಮಾತ್ರ ಬಿಟ್ಟು, ಹೊಸ ಫೈಲಿಗೆ ಬರೆಯುವ ಹತ್ತು ಸಾಲಿನ ಪ್ರೋಗ್ರಾಂ ಮಾಡಿಕೊಳ್ಳಿ. ಹಳೇ ಫೈಲಿನ ಒಂದು ಪ್ರತಿ ತೆಗೆದಿಟ್ಟು ಆಮೇಲೆ ಕೈ ಹಾಕಿ.

ಪ್ರಶ್ನೆ: ಸೋಬಾನೆ ಪದಗಳ ಧ್ವನಿಮುದ್ರಣ ಸುಮಾರು ಇದೆ, ಫೈಲ್ ಹೆಸರೆಲ್ಲ ಕನ್ನಡದಲ್ಲಿ. ಅವಕ್ಕೆ ಕ್ರಮಸಂಖ್ಯೆ ಹಾಕಲು ಸಿ ಪ್ರೋಗ್ರಾಂ ಬರೆದರೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿ ಕಾಣುತ್ತವೆ, ಎಫ್‌ಓಪನ್ ಸೋಲುತ್ತದೆ. ಕನ್ನಡಕ್ಕೆ ಯಾಕೆ ಹೀಗೆ?
(ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಮೇಷ್ಟ್ರೇ, ಇದು ನಿಮ್ಮ ತಪ್ಪಲ್ಲ. ವಿಂಡೋಸ್‌ನಲ್ಲಿ ಹಳೇ ಕಾಲದಿಂದ 'ಕೋಡ್ ಪೇಜ್' ಎಂಬುದಿದೆ. ಒಂದು ಬೈಟ್‌ಗೆ 256 ಗುರುತು, ಗ್ರೀಕ್‌ಗೆ ಒಂದು ಪೇಜು, ರಷ್ಯನ್‌ಗೆ ಒಂದು, ಹೀಗೆ. ಕನ್ನಡಕ್ಕೆ ಅಂಥದ್ದು ಕೊಡಲೇ ಇಲ್ಲ. ಕನ್ನಡ ವಿಂಡೋಸ್ ಒಳಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆ, ಅದೂ ಎಲ್ಲ ಭಾಷೆಗೂ ಜಾಗ ಇರುವ ಯೂನಿಕೋಡ್ ಬಾಗಿಲಿನಿಂದ ಮಾತ್ರ. ಸಿ ಭಾಷೆಯ ಮಾಮೂಲಿ ಎಫ್‌ಓಪನ್ ಹಳೇ ಕೋಡ್ ಪೇಜ್ ಬಾಗಿಲನ್ನೇ ತಟ್ಟುತ್ತದೆ. ಅಲ್ಲಿ 'ಸೋ' ಎಂಬ ಅಕ್ಷರಕ್ಕೆ ಜಾಗ ಇಲ್ಲ. ಜಾಗ ಇಲ್ಲದ್ದನ್ನೆಲ್ಲ ಪ್ರಶ್ನಾರ್ಥಕ ಚಿಹ್ನೆ ಮಾಡಿ ಕೈ ತೊಳೆದುಕೊಳ್ಳುತ್ತದೆ.

ದಾರಿ ಎರಡಿವೆ. ಒಂದು, ವಿಂಡೋಸ್‌ನ ಅಗಲ ಅಕ್ಷರದ ಕರೆಗಳನ್ನು ಬಳಸುವುದು. ಎಫ್‌ಓಪನ್ ಬದಲು _ಡಬ್ಲ್ಯುಎಫ್‌ಓಪನ್, ಮೇನ್ ಬದಲು ಡಬ್ಲ್ಯುಮೇನ್, ಕಂಪೈಲ್ ಮಾಡುವಾಗ '-ಎಂಯುನಿಕೋಡ್'. ಇದು ಎಲ್ಲ ವಿಂಡೋಸ್‌ನಲ್ಲೂ ನಡೆಯುತ್ತದೆ, ಆದರೆ ಪ್ರೋಗ್ರಾಂ ತುಂಬ ತಿದ್ದಬೇಕು.

ಇನ್ನೊಂದು ಸೋಮಾರಿಗಳ ದಾರಿ, ನನಗೆ ಇಷ್ಟವಾದದ್ದು. ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ, 'ನನ್ನ ಕೋಡ್ ಪೇಜ್ ಯುಟಿಎಫ್-8' (ಯೂನಿಕೋಡನ್ನು ಬೈಟ್‌ಗಳಲ್ಲಿ ಬರೆಯುವ ಕ್ರಮ) ಎಂದು ಪ್ರೋಗ್ರಾಂ ತಾನೇ ಹೇಳಿಕೊಳ್ಳಬಹುದು. ಮ್ಯಾನಿಫೆಸ್ಟ್ ಎಂಬ ಸಣ್ಣ ಎಕ್ಸ್‌ಎಂಎಲ್ ಫೈಲಿನಲ್ಲಿ ಆಕ್ಟಿವ್‌ಕೋಡ್‌ಪೇಜ್ ಎಂಬ ಒಂದು ಸಾಲು. ಅದನ್ನು ವಿಂಡ್‌ರೆಸ್ ಎಂಬ ಸಲಕರಣೆಯಿಂದ .ಓ ಫೈಲ್ ಮಾಡಿ ಇಎಕ್ಸ್‌ಇಗೆ ಸೇರಿಸಿದರೆ ನಿಮ್ಮ ಹಳೇ ಎಫ್‌ಓಪನ್ ಇದ್ದ ಹಾಗೇ ಕನ್ನಡ ಹೆಸರು ತೆರೆಯುತ್ತದೆ. ವಿಂಡ್‌ರೆಸ್ ನಿಮ್ಮ ಜಿಸಿಸಿ ಜೊತೆಗೇ ಬಂದಿದೆ.

ಇನ್ನು ಕಪ್ಪು ಕಿಟಕಿ. 'ಸಿಎಚ್‌ಸಿಪಿ 65001' ಎಂದು ಕೊಟ್ಟರೆ ಅದೂ ಯುಟಿಎಫ್-8ಗೆ ಬರುತ್ತದೆ. ಆದರೆ ಆ ಕಿಟಕಿಯ ಲೆಕ್ಕದಲ್ಲಿ ಒಂದು ಅಕ್ಷರಕ್ಕೆ ಒಂದು ಚೌಕ. ನಮ್ಮ ಒತ್ತಕ್ಷರ, ಕೊಂಬು, ಇಳಿ ಆ ಚೌಕದಲ್ಲಿ ಹೇಗೆ ಕೂರಬೇಕು? 'ಸ್ತ್ರೀ' ಎಂದು ಬರೆಸಿ ನೋಡಿ, ಚೆಲ್ಲಾಪಿಲ್ಲಿ. ಹಾಗೆ ಕಂಡ ಮಾತ್ರಕ್ಕೆ ಪ್ರೋಗ್ರಾಂ ತಪ್ಪು ಎಂದು ತಿಳಿಯಬೇಡಿ. ಫಲಿತಾಂಶವನ್ನು ಫೈಲಿಗೆ ಬರೆಸಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಅಲ್ಲಿ ಸರಿ ಇದ್ದರೆ ಸರಿ. ಮತ್ತೆ ಮೇಷ್ಟ್ರೇ, ಮೊದಲು ಮುದ್ರಣಗಳ ನಕಲು ಬೇರೆ ಡಿಸ್ಕ್‌ಗೆ ಹಾಕಿ. ಆ ಪದ ಹಾಡಿದ ಅಜ್ಜಿಯರು ಮತ್ತೆ ಸಿಗುತ್ತಾರಾ?

ಪ್ರಶ್ನೆ: 'ಅನ್‌ಡಿಫೈನ್ಡ್ ರೆಫರೆನ್ಸ್ ಟು ವಿನ್‌ಮೇನ್' ಅಂತ ಬರುತ್ತಿದೆ. ನಾನು ವಿನ್‌ಮೇನ್ ಎಂದು ಎಲ್ಲೂ ಬರೆದೇ ಇಲ್ಲ!
(ಪ್ರಥಮ ಪಿಯುಸಿ, ಕೋಲಾರ)

ಉತ್ತರ: ಪ್ರೋಗ್ರಾಂ ಶುರುವಾಗುವ ಮೇನ್ ಅನ್ನೂ ಬರೆದಿಲ್ಲ, ಅಥವಾ ಬರೆದು ಸೇವ್ ಮಾಡಿಲ್ಲ. ಮಿಂಗ್‌ಡಬ್ಲ್ಯು ಮೊದಲು ಮೇನ್ ಹುಡುಕುತ್ತದೆ, ಸಿಗದಿದ್ದರೆ ಇದು ಕಿಟಕಿ ಪ್ರೋಗ್ರಾಂ ಇರಬೇಕು ಎಂದು ವಿನ್‌ಮೇನ್ ಹುಡುಕುತ್ತದೆ. ಎಡಿಟರ್‌ನ ಟ್ಯಾಬ್ ಮೇಲೆ ಒಂದು ಚುಕ್ಕೆ ಕಾಣುತ್ತಿದೆಯಾ? ಕಂಟ್ರೋಲ್ ಎಸ್ ಒತ್ತು ಮಗು. ಎಷ್ಟೋ ವರ್ಷ ಕೆಲಸ ಮಾಡಿದವರೂ ಇದಕ್ಕೆ ಅರ್ಧ ಗಂಟೆ ಕಳೆದಿರುತ್ತಾರೆ, ನಾಚಿಕೆ ಬೇಡ.

ಪ್ರಶ್ನೆ: ನಮ್ಮ ಲ್ಯಾಬ್ ಮ್ಯಾನುವಲ್ ಪೂರ್ತಿ ಕ್ಲಿಯರ್‌ಸ್ಕ್ರೀನ್, ಗ್ರಾಫಿಕ್ಸ್.ಎಚ್ ಎಂದೇ ಇದೆ. ಜಿಸಿಸಿಯಲ್ಲಿ ಒಂದೂ ಕಂಪೈಲ್ ಆಗುತ್ತಿಲ್ಲ. ವಿದ್ಯಾರ್ಥಿಗಳಿಗೆ ಏನು ಹೇಳಲಿ?
(ಉಪನ್ಯಾಸಕಿ, ವಿಜಯಪುರ)

ಉತ್ತರ: ಆ ಮ್ಯಾನುವಲ್ ಬರೆದದ್ದು ಬೋರ್ಲ್ಯಾಂಡ್‌ನ ಟರ್ಬೊ ಸಿಗೆ, ಡಾಸ್ ಕಾಲದ್ದು. 64 ಬಿಟ್ ವಿಂಡೋಸ್ ಅದನ್ನು ನೇರವಾಗಿ ಓಡಿಸುವುದೂ ಇಲ್ಲ, ಡಾಸ್‌ಬಾಕ್ಸ್ ಒಳಗೆ ಕೂರಿಸಿ ಓಡಿಸುತ್ತೇವೆ. ಮಿಂಗ್‌ಡಬ್ಲ್ಯುನ ಕೋನಿಯೊ.ಎಚ್‌ನಲ್ಲಿ ಗೆಟ್‌ಸಿಎಚ್ ಇದೆ, ಕ್ಲಿಯರ್‌ಸ್ಕ್ರೀನ್ ಇಲ್ಲ, ಗ್ರಾಫಿಕ್ಸ್.ಎಚ್ ಅಂತೂ ಇಲ್ಲವೇ ಇಲ್ಲ. ಕ್ಲಿಯರ್‌ಸ್ಕ್ರೀನ್ ಬದಲು ಎಸ್‌ಟಿಡಿಲಿಬ್‌ನ 'ಸಿಸ್ಟಮ್("ಸಿಎಲ್‌ಎಸ್")' ಹಾಕಿ, ವಾಯ್ಡ್ ಮೇನ್ ಇದ್ದ ಕಡೆ ಇಂಟ್ ಮೇನ್ ಮಾಡಿಸಿ, ಐಒಸ್ಟ್ರೀಮ್‌ನ ಬಾಲದ .ಎಚ್ ತೆಗೆಸಿ, ಅದರ ಕೆಳಗೆ 'ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ;' ಸೇರಿಸಿಸಿ. ಅಷ್ಟಕ್ಕೇ ಹೆಚ್ಚಿನವು ಎದ್ದು ನಿಲ್ಲುತ್ತವೆ.

ಒಂದು ವಿಷಯ ಮಕ್ಕಳಿಗೆ ತೋರಿಸಲೇಬೇಕು. ಟರ್ಬೊ ಸಿಯಲ್ಲಿ ಇಂಟ್ ಎಂದರೆ 2 ಬೈಟ್, 32767 ಆದ ಮೇಲೆ ಒಂದು ಕೂಡಿಸಿದರೆ ಮೈನಸ್‌ಗೆ ಹೋಗುತ್ತದೆ. ಜಿಸಿಸಿಯಲ್ಲಿ 4 ಬೈಟ್. ಎಂಟರ ಫ್ಯಾಕ್ಟೋರಿಯಲ್ 40320. ಅದನ್ನು ಎರಡರಲ್ಲೂ ಓಡಿಸಿ ಪಕ್ಕಪಕ್ಕ ಇಡಿ. ಟರ್ಬೊದಲ್ಲಿ -25216 ಬರುತ್ತದೆ. ಯಾಕೆ ಎಂದು ಅವರೇ ಕೇಳುತ್ತಾರೆ, ಒಂದು ಪೀರಿಯಡ್ ಆರಾಮಾಗಿ ಹೋಗುತ್ತದೆ.

ಪ್ರಶ್ನೆ: ಯೂನಿಕ್ಸ್‌ಗೆ ಬರೆದ ಒಂದು ಸರ್ವರ್ ಪ್ರೋಗ್ರಾಂ ಇದೆ. ಮಿಂಗ್‌ಡಬ್ಲ್ಯುನಲ್ಲಿ ಫೋರ್ಕ್ ಇಲ್ಲ, ಸಿಸ್/ಸಾಕೆಟ್.ಎಚ್ ಇಲ್ಲ ಅನ್ನುತ್ತದೆ. ಯೂನಿಕ್ಸ್ ಸಲಕರಣೆ ಎಂದಿರಲ್ಲ?
(ಎಂಜಿನಿಯರ್, ಬೆಂಗಳೂರು)

ಉತ್ತರ: ಸಲಕರಣೆ ಯೂನಿಕ್ಸಿನದು ಎಂದೆ, ಮನೆ ಯೂನಿಕ್ಸ್ ಎನ್ನಲಿಲ್ಲ. ಓಡುತ್ತಿರುವ ಪ್ರೋಗ್ರಾಂ ತನ್ನದೇ ನಕಲು ಹುಟ್ಟಿಸುವ ಫೋರ್ಕ್ ವಿಂಡೋಸ್‌ನ ಮಾಮೂಲಿ ಕರೆಗಳಲ್ಲೇ ಇಲ್ಲ, ಮಿಂಗ್‌ಡಬ್ಲ್ಯು ಎಲ್ಲಿಂದ ತರಲಿ? ಸಿಗ್‌ವಿನ್ ಕಷ್ಟಪಟ್ಟು ಅನುಕರಿಸುತ್ತದೆ, ಹೊಸ ಪ್ರೋಸೆಸ್ ಹುಟ್ಟಿಸಿ ಹಳೆಯದರ ಮೆಮೊರಿಯನ್ನು ಅದಕ್ಕೆ ನಕಲು ಮಾಡುತ್ತದೆ, ಹಾಗಾಗಿ ನಿಧಾನ. ವಿಂಡೋಸ್‌ನಲ್ಲಿ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿ, ಕಾಫಿ ಕುಡಿದು ಬಂದರೂ 'ಚೆಕಿಂಗ್ ಫಾರ್' ಅನ್ನುತ್ತಲೇ ಇರುತ್ತದಲ್ಲ, ಅದಕ್ಕೂ ಇದೇ ಕಾರಣ. ಸಣ್ಣ ಸಣ್ಣ ಪ್ರೋಸೆಸ್‌ಗಳನ್ನು ನೂರಾರು ಸಲ ಹುಟ್ಟಿಸಿ ಸಾಯಿಸುವುದೇ ಆ ಸ್ಕ್ರಿಪ್ಟಿನ ಕೆಲಸ.

ಫೋರ್ಕ್ ಒಂದೆರಡು ಕಡೆ ಇದ್ದರೆ ಕ್ರಿಯೇಟ್‌ಪ್ರೋಸೆಸ್ ಅಥವಾ ಥ್ರೆಡ್‌ಗೆ ಬದಲಿಸಿ. ಪ್ರೋಗ್ರಾಂ ಮೈಯೆಲ್ಲ ಫೋರ್ಕ್ ಆದರೆ ಸಿಗ್‌ವಿನ್‌ಗೆ ಹೋಗಿ, ದುಭಾಷಿ ಇರಲಿ. ನೆಟ್‌ವರ್ಕ್ ಮಾತುಕತೆಯ ಸಾಕೆಟ್‌ಗೆ ವಿನ್‌ಸಾಕ್2.ಎಚ್ ಇದೆ. ಮೊದಲು ಡಬ್ಲ್ಯುಎಸ್‌ಎಸ್ಟಾರ್ಟಪ್ ಕರೆಯಬೇಕು, ಮುಚ್ಚುವಾಗ ಕ್ಲೋಸ್ ಬದಲು ಕ್ಲೋಸ್‌ಸಾಕೆಟ್. '-ಎಲ್‌ಡಬ್ಲ್ಯುಎಸ್2_32' ಕಮಾಂಡಿನ ಕೊನೆಗೇ ಇರಲಿ, ನಿಮ್ಮ .ಸಿ ಫೈಲಿಗಿಂತ ಮುಂಚೆ ಇಟ್ಟರೆ ಲಿಂಕರ್ ಅದನ್ನು ದಾಟಿ ಹೋಗಿಬಿಡುತ್ತದೆ.

ಪ್ರಶ್ನೆ: ಜಿಸಿಸಿ ಜಿಪಿಎಲ್ ಲೈಸೆನ್ಸ್‌ನದು. ಅದರಲ್ಲಿ ಮಾಡಿದ ಪ್ರೋಗ್ರಾಂ ಮಾರಿದರೆ ಸೋರ್ಸ್ ಕೊಡಬೇಕಾ?
(ಸಣ್ಣ ಉದ್ಯಮಿ, ದಾವಣಗೆರೆ)

ಉತ್ತರ: ಬೇಡ. ಜಿಪಿಎಲ್ ಎಂದರೆ ಪ್ರೋಗ್ರಾಂ ಹಂಚಿದರೆ ಅದರ ಸೋರ್ಸನ್ನೂ, ಅಂದರೆ ಬರೆದ ಮೂಲ ಕೋಡನ್ನೂ, ಕೊಡಬೇಕು ಎನ್ನುವ ಮುಕ್ತ ಲೈಸೆನ್ಸ್. ಆದರೆ ಕಂಪೈಲರ್ ಜಿಪಿಎಲ್ ಆದ ಮಾತ್ರಕ್ಕೆ ಅದು ಮಾಡಿದ ಸರಕು ಜಿಪಿಎಲ್ ಆಗುವುದಿಲ್ಲ. ಕಂಪೈಲರ್ ನಿಮ್ಮ ಇಎಕ್ಸ್‌ಇಗೆ ತನ್ನ ಲೈಬ್ರರಿಯ ತುಂಡುಗಳನ್ನು ಸೇರಿಸುತ್ತದಲ್ಲ ಎಂದು ಕೇಳಬಹುದು, ಅದಕ್ಕೇ ಜಿಸಿಸಿ ರನ್‌ಟೈಮ್ ವಿನಾಯಿತಿ ಎಂದು ಬೇರೆಯಾಗಿ ಬರೆದಿಟ್ಟಿದ್ದಾರೆ. -ಸ್ಟ್ಯಾಟಿಕ್ ಹಾಕಿದರೂ ತೊಂದರೆ ಇಲ್ಲ. ಆದರೆ ನೀವು ಪ್ಯಾಕ್‌ಮ್ಯಾನ್‌ನಿಂದ ತರಿಸಿ ಸೇರಿಸಿದ ಬೇರೆ ಲೈಬ್ರರಿಗಳಿಗೆ ಈ ವಿನಾಯಿತಿ ಇಲ್ಲ. ಒಂದೊಂದರದ್ದೂ ಲೈಸೆನ್ಸ್ ಓದಿ. ರೀಡ್‌ಲೈನ್ ಎಂಬುದು ಪೂರ್ತಿ ಜಿಪಿಎಲ್, ಅದನ್ನು ಸೇರಿಸಿ ಪ್ರೋಗ್ರಾಂ ಮಾರಿದರೆ ಕೊಂಡವರಿಗೆ ಸೋರ್ಸನ್ನೂ ಜಿಪಿಎಲ್ ಅಡಿಯಲ್ಲೇ ಕೊಡಬೇಕು.

ಪ್ರಶ್ನೆ: ನಾನು ಮಾಡಿದ ಇಎಕ್ಸ್‌ಇ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಎಲ್ಲ ಕಸ ಕಸ. ಆದರೆ ಮೊದಲ ಎರಡು ಅಕ್ಷರ ಯಾವಾಗಲೂ ಎಂ ಮತ್ತು ಝಡ್. ಯಾಕೆ?
(ಒಂಬತ್ತನೇ ತರಗತಿ, ಉಡುಪಿ)

ಉತ್ತರ: ಶಾಭಾಸ್! ಅದು ಒಬ್ಬರ ಹೆಸರಿನ ಮೊದಲಕ್ಷರ. ಮೈಕ್ರೋಸಾಫ್ಟ್‌ನಲ್ಲಿ ಡಾಸ್ ಕಟ್ಟಿದವರಲ್ಲಿ ಮಾರ್ಕ್ ಝ್ಬಿಕೋವ್‌ಸ್ಕಿ ಎಂಬವರಿದ್ದರು, ಇಎಕ್ಸ್‌ಇ ಫೈಲಿನ ಅಚ್ಚು ರೂಪಿಸಿದವರು ಅವರು. ಇವತ್ತಿಗೂ ಪ್ರತಿ ಇಎಕ್ಸ್‌ಇ ಅವರ ಸಹಿಯಿಂದಲೇ ಶುರು, ಉಡುಪಿಯಲ್ಲಿ ಕೂತು ನೀನು ಮಾಡಿದ್ದೂ ಸೇರಿ. ಸ್ವಲ್ಪ ಕೆಳಗೆ ನೋಡು, ಕಸದ ನಡುವೆ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ ಸಿಗುತ್ತದೆ, 'ಈ ಪ್ರೋಗ್ರಾಂ ಡಾಸ್‌ನಲ್ಲಿ ಓಡುವುದಿಲ್ಲ' ಎಂಬ ಅರ್ಥದ್ದು. ಅದು ನಿಜಕ್ಕೂ ಒಂದು ಪುಟಾಣಿ ಡಾಸ್ ಪ್ರೋಗ್ರಾಂ. ಯಾರಾದರೂ ಹಳೇ ಡಾಸ್‌ನಲ್ಲಿ ನಿನ್ನ ಫೈಲನ್ನು ಓಡಿಸಿದರೆ ಆ ಒಂದು ವಾಕ್ಯ ಹೇಳಿ ಸುಮ್ಮನಾಗುತ್ತದೆ.

ನೋಟ್‌ಪ್ಯಾಡ್ ಮುಚ್ಚುವಾಗ ಸೇವ್ ಮಾಡಬೇಕಾ ಎಂದು ಕೇಳಿದರೆ ಮಾತ್ರ ಬೇಡ ಅನ್ನು. ಹೂಂ ಅಂದರೆ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ.